ಕಾಗದದಲ್ಲಿ ಮುಗಿಯೋ ಲೆವೆಲ್‌ಗೆ ಸಾಲ್ವರ್ "ಪರಿಹಾರ ಇಲ್ಲ" ಅಂತಿದೆ, ಯಾಕೆ?

ಕಣಗಾರ (ಸೋಮವಾರಪೇಟೆ)
ಪೆಟ್ಟಿಗೆ ತಳ್ಳಿ ಗುರಿ ಸೇರಿಸೋ ಆಟ ಸೊಕೊಬಾನ್‌ಗೆ ಲೆವೆಲ್ ಮಾಡಿದೀನಿ: ಕಾಫಿ ಕಣ, ಎರಡು ಮೂಟೆ. ಕಾಗದದ ಮೇಲೆ ನಾಣ್ಯ ಇಟ್ಟು ತಳ್ಳಿದ್ರೆ ಸಲೀಸಾಗಿ ಮುಗಿಯುತ್ತೆ. ಆಪ್‌ಗೆ ಹಾಕಿದ್ರೆ, ಲೆವೆಲ್ ತಾನೇ ಬಿಡಿಸಿ ನೋಡೋ ಅದರ ಸಾಲ್ವರ್‌ದು ಒಂದೇ ರಾಗ, "ಪರಿಹಾರ ಇಲ್ಲ". ಎರಡು ಸಲ ಅನ್‌ಇನ್‌ಸ್ಟಾಲ್ ಮಾಡಿ ಹಾಕಿದ್ದೂ ಆಯ್ತು. ಆಪೇ ಹಾಳಾಗಿದೆಯಾ? ತಲೆ ಕೆಟ್ಟೋಗಿದೆ, ಯಾರಾದ್ರೂ ನೋಡಿ. (# ಗೋಡೆ, @ ಆಳು, $ ಮೂಟೆ, . ಗುರಿ)

```
#####
### #
#@ $ #
# $. #
#######
```

ಹಾರಂಗಿ
ಆಪ್‌ದೇನೂ ತಪ್ಪಿಲ್ಲ. ಸ್ಪೇಸ್ ಹೋಗಿದೆ, ನೋಡಿದ ತಕ್ಷಣ ಗೊತ್ತಾಗುತ್ತೆ. ಕೆಳಗಿನ ಗೋಡೆ 7 ಚೌಕ, ಮೇಲಿನ ಎರಡು ಸಾಲು 5, ಮಧ್ಯದ ಎರಡು 6. ಒಂದರ ಪಕ್ಕ ಒಂದಿದ್ದ ಸ್ಪೇಸ್‌ಗಳು ಕಾಪಿ-ಪೇಸ್ಟಲ್ಲಿ ಒಂದಾಗಿವೆ, ಸಾಲಿನ ಮೊದಲಿಂದು ಪೂರ್ತಿ ಮಾಯ. ಖಾಲಿ ನೆಲಕ್ಕೆ ಸ್ಪೇಸ್ ಬದಲು - ಹಾಕಿ. ಲೆವೆಲ್‌ನ ಹೀಗೆ ಅಕ್ಷರದಲ್ಲಿ ಬರೆಯೋ ಎಕ್ಸ್‌ಎಸ್‌ಬಿ ಫಾರ್ಮ್ಯಾಟಲ್ಲಿ ಎರಡೂ ಒಂದೇ.

ಕಣಗಾರ
ಇಲ್ಲಿ ಪೇಸ್ಟ್ ಮಾಡಿದಾಗ ಹಾಗಾಗಿದೆ ಅಷ್ಟೇ. ನನ್ನ ಫೈಲಲ್ಲಿ ಎಲ್ಲಾ ಸಾಲೂ ನೆಟ್ಟಗಿದೆ.

ಹಾರಂಗಿ
ಹಾಗಾದ್ರೆ ಟ್ಯಾಬ್ ಒತ್ತಿರ್ತೀರಿ. ಇಲ್ಲಾಂದ್ರೆ ಫೋನಲ್ಲಿ ಟೈಪ್ ಮಾಡಿರ್ತೀರಿ. ಎರಡು ಸ್ಪೇಸ್‌ಗೆ ಚುಕ್ಕಿ ಹಾಕೋ ಸೆಟ್ಟಿಂಗ್ ಕೀಬೋರ್ಡಲ್ಲಿ ಆನ್ ಇದ್ರೆ, ಖಾಲಿ ನೆಲದಲ್ಲಿ ಬೇಡದ ಗುರಿ ಬಂದು ಕೂರಬಹುದು. ಅದನ್ನ ಆಫ್ ಮಾಡಿ ನೋಡಿ.

ನಾಪೋಕ್ಲು_ನಕ್ಷೆ
- ಯಾಕೆ, _ ಹಾಕಿದ್ರೂ ಆಗುತ್ತಲ್ಲ. ಕಣ್ಣಿಗೂ ನೆಲ ಅನ್ಸುತ್ತೆ.

ಹಾರಂಗಿ
ಆಗುತ್ತೆ, ವಾಟ್ಸಾಪ್‌ಗೆ ಹಾಕೋವರೆಗೆ. ಅಲ್ಲಿ ಎರಡು _ ಮಧ್ಯೆ ಸಿಕ್ಕಿದ್ದು ಓರೆ ಅಕ್ಷರ ಆಗಿ ಗೆರೆಗಳೇ ಮಾಯ ಆಗಬಹುದು. * ಕೂಡ ಹಾಗೇ: ಗುರಿ ಮೇಲಿನ ಮೂಟೆ ಎರಡಿದ್ರೆ ಮಧ್ಯದ್ದು ದಪ್ಪಕ್ಷರ, ಮೂಟೆ ನಾಪತ್ತೆ. ಮುಂದೂ ಹಿಂದೂ ಮೂರು ಮೂರು ಬ್ಯಾಕ್‌ಟಿಕ್ ಹಾಕಿ ಕಳ್ಸಿ.

ನಾಪೋಕ್ಲು_ನಕ್ಷೆ
ವಾಟ್ಸಾಪ್ ಮಾತು ಯಾರೆತ್ತಿದ್ರು ಮಾರಾಯ್ರೆ ಇಲ್ಲಿ?

ಇನ್ವರ್ಟರ್_ಅಣ್ಣ (ಗೋಣಿಕೊಪ್ಪ)
ಫೋನ್ ಸಾಲ್ವರ್ ನಂಬ್ಬೇಡಿ. ಲ್ಯಾಪ್‌ಟಾಪಲ್ಲಿ ಜೆಸೊಕೊ (ಜಾವಾದಲ್ಲಿ ಓಡೋ ಸೊಕೊಬಾನ್ ಪ್ರೋಗ್ರಾಂ) ಹಾಕಿ, ಜಾವಾಗೆ ಮೆಮೊರಿ ಜಾಸ್ತಿ ಕೊಡಿ. ನಂದು 32 ಜಿಬಿ, ಎರಡು ಬ್ಯಾಟರಿ ಇನ್ವರ್ಟರ್, ಆಟಿ ಮಳೇಲಿ ಕರೆಂಟ್ ಹೋದ್ರೂ ಸಾಲ್ವರ್ ನಿಲ್ಲಲ್ಲ. ಸೊಕೊಬಾನ್ ಪಿಸ್ಪೇಸ್-ಕಂಪ್ಲೀಟ್, ಅಂದ್ರೆ ಕಂಪ್ಯೂಟರ್‌ಗೂ ತೀರಾ ಕಷ್ಟದ ಲೆಕ್ಕಗಳ ಗುಂಪಿನದು ಅಂತ ಜೋಸೆಫ್ ಕಲ್ಬರ್ಸನ್ 1997ರಲ್ಲೇ ತೋರಿಸಿದ್ದಾರೆ, ತಮಾಷೆ ಅಲ್ಲ.

ಗೋಡೆಮೂಲೆ
ಅಣ್ಣ, ಎರಡು ಮೂಟೆ ಲೆವೆಲ್‌ಗೆ 32 ಜಿಬಿ ಯಾಕೆ? 1982ರ ಕಂಪ್ಯೂಟರಲ್ಲಿ ಬಂದ ಆಟ ಇದು.

ಕಣಗಾರ ಅವರೇ, ಸ್ಪೇಸ್ ಬಿಡಿ, ಎಣಿಸಿ. ಮೂಟೆ ($) ಎರಡು, ಗುರಿ (.) ಒಂದೇ. ಇನ್ನೊಂದು ಮೂಟೆ ಎಲ್ಲಿಗೆ ಹೋಗ್ಬೇಕು?

ಕಣಗಾರ
ಆಳು ನಿಂತಿರೋ ಚೌಕಕ್ಕೆ. ಅದೇ ಅಲ್ವಾ ಲೆವೆಲ್‌ನ ಮಜಾ, ನಿಂತ ಜಾಗಕ್ಕೇ ಮೂಟೆ ತರಬೇಕು.

ಗೋಡೆಮೂಲೆ
ಇದನ್ನ ಮೊದಲನೇ ಪೋಸ್ಟಲ್ಲೇ ಹೇಳಿದ್ರೆ ಇಷ್ಟುದ್ದ ಬರ್ತಿರ್ಲಿಲ್ಲ. ಒಂದು ಚೌಕಕ್ಕೆ ಒಂದೇ ಅಕ್ಷರ. ಚುಕ್ಕಿ ಅಳಿಸಿ @ ಹಾಕಿದ್ರೆ ಗುರಿ ಹೋಯ್ತು, ಆಳು ಬರೀ ನೆಲದ ಮೇಲೆ ನಿಂತ ಹಾಗೆ. ಗುರಿ ಮೇಲಿನ ಆಳಿಗೆ +, ಗುರಿ ಮೇಲಿನ ಮೂಟೆಗೆ *. ಗುರಿ ಎಣಿಸುವಾಗ . + * ಮೂರನ್ನೂ ಸೇರಿಸಿ, ಮೂಟೆಗೆ $ ಮತ್ತು *. ಎರಡು ಲೆಕ್ಕ ತಾಳೆ ಆಗ್ಲೇಬೇಕು.

```
--#####
###---#
#+-$--#
#--$.-#
#######
```

ಬಲಕ್ಕೆ ಒಂದು ಹೆಜ್ಜೆ, ಬಲಕ್ಕೆ ಒಂದು ತಳ್ಳು. ಮೇಲೆ, ಬಲ, ಬಲ, ಕೆಳಗೆ ಬಂದು ಮೂಟೆ ಸುತ್ತು ಹಾಕಿ ಎಡಕ್ಕೆ ಮೂರು ತಳ್ಳು. ಕೆಳಗಿಳಿದು ಬಲಕ್ಕೆ ಒಂದು ತಳ್ಳು. 11 ನಡೆ, ಅದ್ರಲ್ಲಿ 5 ತಳ್ಳು.

ಹಾರಂಗಿ
ಆದ್ರೂ ಮೊದಲ ಸಾಲಿನ ಸ್ಪೇಸ್ ನೋಡ್ಕೊಳ್ಳಿ.

ಕಣಗಾರ
+ ಹಾಕಿದೆ, ಬಂತು! ಆದ್ರೆ ತೀರಾ ಸುಲಭ ಅನ್ನಿಸ್ತು. ಕೆಳಗಿನ ಗುರಿಯನ್ನ ಮೇಲಿನ ಸಾಲಿನ ಮಧ್ಯಕ್ಕೆ ಹಾಕಿದೆ, ಮತ್ತೆ "ಪರಿಹಾರ ಇಲ್ಲ". ಈಗ ಲೆಕ್ಕ ಎರಡಕ್ಕೆ ಎರಡು ಸರಿಯಾಗೇ ಇದೆ.

ಹಾರಂಗಿ
ಹೇಳಿದ್ನಲ್ಲ, ಸ್ಪೇಸು.

ಗೋಡೆಮೂಲೆ
ಅಲ್ಲ. ಈ ಸಲ ಸಾಲ್ವರ್ ಹೇಳ್ತಿರೋದೇ ಸರಿ, ಲೆವೆಲ್ ನಿಜವಾಗ್ಲೂ ಸತ್ತಿದೆ. ಕೆಳಗಿನ ಮೂಟೆಯ ಬೆನ್ನಿಗೆ ಗೋಡೆ. ಅದನ್ನ ಮೇಲೆ ತಳ್ಳೋಕೆ ಆಳು ಅದರ ಕೆಳಗೆ ನಿಲ್ಬೇಕು, ಅಲ್ಲಿ ಗೋಡೆ ಇದೆ. ಹಾಗಾಗಿ ಎಡ-ಬಲ ಜಾರುತ್ತೆ ಅಷ್ಟೇ, ಆ ಸಾಲು ಬಿಟ್ಟು ಬರಲ್ಲ. ಆ ಸಾಲಲ್ಲಿ ಈಗ ಗುರಿನೇ ಇಲ್ಲ. ಗೋಡೆಗೆ ಅಂಟಿದ ಸಾಲಲ್ಲಿ ಎಷ್ಟು ಮೂಟೆಯೋ ಕನಿಷ್ಠ ಅಷ್ಟು ಗುರಿ ಅದೇ ಸಾಲಲ್ಲಿರಬೇಕು. ಗುರಿ ಮೇಲೇ ಬೇಕು ಅಂದ್ರೆ ಕೆಳಗೆ ಒಂದು ಸಾಲು ನೆಲ ಕೊಡಿ:

```
--#####
###-.-#
#+-$--#
#--$--#
#-----#
#######
```

ಮೊದಲ ಮೂಟೆ ಹಿಂದಿನಂತೇ. ಎರಡನೇದನ್ನ ಬಲಕ್ಕೆ ಒಂದು ತಳ್ಳಿ, ಕೆಳಗಿನಿಂದ ಸುತ್ತಿ ಬಂದು ಮೇಲಕ್ಕೆ ಎರಡು. 15 ನಡೆ, 7 ತಳ್ಳು. ಮೊದಲ ಮೂಟೆಯನ್ನ ಆತುರದಲ್ಲಿ ಇನ್ನೂ ಒಂದು ಚೌಕ ಬಲಕ್ಕೆ ತಳ್ಳಿದ್ರೆ ಬಲಗೋಡೆಗೆ ಅಂಟುತ್ತೆ, ಆ ಕಂಬಸಾಲಲ್ಲಿ ಗುರಿ ಇಲ್ಲ, ಕಥೆ ಮುಗೀತು. ಇಷ್ಟು ಚಿಕ್ಕ ಲೆವೆಲ್‌ಗೆ ಆ ಬಲೆ ಚೆನ್ನಾಗಿದೆ, ತೆಗೀಬೇಡಿ.

ಇನ್ವರ್ಟರ್_ಅಣ್ಣ
ಕಣದಲ್ಲಿ ಮೂಟೆ ಯಾರು ತಳ್ತಾರೆ? ಚೆರಿ ಮೂಟೆ 50 ಕೆಜಿ, ಹೆಗಲ ಮೇಲೆ ಹೊರೋದು. ತಳ್ಳಿದ್ರೆ ಗೋಣಿ ಹರಿಯುತ್ತೆ.

ಕಣಗಾರ
ಹೆಗಲ ಮೇಲೆ ಹೊತ್ರೆ ಆಟ ಎಲ್ಲಿರುತ್ತೆ ಅಣ್ಣ?

ನಾಪೋಕ್ಲು_ನಕ್ಷೆ
ಇದೇ ಲೆವೆಲ್ ಪಜಲ್‌ಸ್ಕ್ರಿಪ್ಟ್‌ಗೆ (ಪಜಲ್ ಆಟ ಮಾಡೋ ಟೂಲ್) ಹಾಕಿದೆ, ಎರರ್ ಮೇಲೆ ಎರರ್.

ಗೋಡೆಮೂಲೆ
ಅಲ್ಲಿ ಚಿಹ್ನೆಗಳೇ ಬೇರೆ. ಅದರ ಜೊತೆ ಬರೋ ಪೆಟ್ಟಿಗೆ ತಳ್ಳೋ ಮಾದರಿಯಲ್ಲಿ ಚುಕ್ಕಿ ಅಂದ್ರೆ ಖಾಲಿ ನೆಲ, * ಅಂದ್ರೆ ಬರೀ ಪೆಟ್ಟಿಗೆ, @ ಅಂದ್ರೆ ಗುರಿ ಮೇಲಿನ ಪೆಟ್ಟಿಗೆ. ಸಾಲುಗಳೆಲ್ಲ ಒಂದೇ ಉದ್ದ ಇರಬೇಕು. ಗುರಿ ಮೇಲಿನ ಆಳಿಗೆ ಆ ಮಾದರಿಯಲ್ಲಿ ಚಿಹ್ನೆಯೇ ಇಲ್ಲ. ಚಿಹ್ನೆಗಳ ಅರ್ಥ ಬರೆಯೋ ಲೆಜೆಂಡ್ ಭಾಗದಲ್ಲಿ + ಅಂದ್ರೆ ಆಟಗಾರ ಮತ್ತು ಗುರಿ ಅಂತ ಒಂದು ಸಾಲು ನೀವೇ ಸೇರಿಸ್ಬೇಕು.

ನಾಪೋಕ್ಲು_ನಕ್ಷೆ
ಸೇರಿಸಿದೆ. ಈಗ ಎರರ್ ಇಲ್ಲ, ಆದ್ರೆ ಮೂಟೆ ಎರಡೂ ಕೂತ ಮೇಲೂ ಲೆವೆಲ್ ಮುಗೀತಿಲ್ಲ.

ಗೋಡೆಮೂಲೆ
ಗೆಲ್ಲೋ ಷರತ್ತಿನ ಭಾಗ ಪೂರ್ತಿ ಇಲ್ಲಿ ಹಾಕಿ.

ಹಾರಂಗಿ
ಸ್ಪೇಸ್ ಸಮೇತ.