ಕಾಕಾ, ಗಾಡಿ ಮಾರಬೇಡಿ, ಮೊದಲು ಗಾಜು ನೋಡೋಣ

ಕಾಕಾ, ನಮಸ್ಕಾರ ರೀ. ಬೆಳಿಗ್ಗೆ ಗ್ರೂಪಿನಲ್ಲಿ ನೀವು ಬರೆದದ್ದನ್ನು ಈಗ ಓದಿದೆ. ರಾತ್ರಿ ಎದುರಿಂದ ಲಾರಿ ಬಂದರೆ ಗಾಡಿಯ ಮುಂದಿನ ಗಾಜಿನ ತುಂಬ ಬೆಳಕು ಹರಡಿ ರಸ್ತೆಯೇ ಕಾಣೋದಿಲ್ಲ, ನನ್ನ ಕಣ್ಣಿನ ಆಟ ಮುಗೀತು, ಆಲ್ಟೊ ಕಾರು ಮಾರಿಬಿಡ್ತೀನಿ ಅಂತ ಬರೆದಿದ್ದೀರಿ. ಓದಿ ಮನಸ್ಸಿಗೆ ಕಸಿವಿಸಿ ಆಯಿತು. ಟೈಪ್ ಮಾಡುತ್ತ ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಕುಡಿಯುತ್ತ ಕೇಳಿ.

ಹೋದ ತಿಂಗಳು ಕಣ್ಣಿನ ಡಾಕ್ಟರು ನೋಡಿ, ಪೊರೆ ಇಲ್ಲ, ಚಷ್ಮಾದ ನಂಬರೂ ಬದಲಾಗಿಲ್ಲ ಅಂದರು ಅಂತ ಕಾಕು ಹೇಳಿದ್ದರು ಅಲ್ವಾ? ಹಾಗಾದರೆ ತಪ್ಪು ಕಣ್ಣಿನದಲ್ಲ ಕಾಕಾ, ಗಾಜಿನದು. ದೀಪಾವಳಿಗೆ ಬಂದಾಗ ಆ ಗಾಡಿ ತೆಗೆದುಕೊಂಡು ನಾನು ಅಣ್ಣಿಗೇರಿವರೆಗೆ ಹೋಗಿದ್ದೆ, ನೆನಪಿದೆಯಾ? ಸಂಜೆ ಐದು ಗಂಟೆ, ಹುಬ್ಬಳ್ಳಿ ಕಡೆ ಮುಖ, ಸೂರ್ಯ ನೇರ ಎದುರಿಗೆ. ಗಾಜಿನ ಮೇಲೆ ಮಜ್ಜಿಗೆ ಚೆಲ್ಲಿ ಒರೆಸಿದ ಹಾಗೆ ಇತ್ತು. ನನಗೆ ಚಷ್ಮಾನೂ ಇಲ್ಲ, ಆದರೂ ಮುಂದೆ ಹೋಗುವ ಟ್ರ್ಯಾಕ್ಟರ್ ಕಾಣಿಸಲಿಲ್ಲ. ಬಿಸಿಲು ಹಿಂದಿನಿಂದ ಬಿದ್ದರೆ ಆ ಮಂಜು ಗೊತ್ತೇ ಆಗೋದಿಲ್ಲ. ಬೆಳಕು ಎದುರಿಂದ ಬಿದ್ದಾಗ ಒಂದೊಂದು ಕಲೆಯೂ ಅದನ್ನು ನಾಲ್ಕು ದಿಕ್ಕಿಗೆ ಚೆದುರಿಸುತ್ತದೆ. ನೀವು ಕಣ್ಣಿನ ದೋಷ ಅಂದುಕೊಂಡದ್ದು ಇದನ್ನೇ.

ಈಗ ಒಂದು ಕೆಲಸ ಮಾಡಿ. ಗಾಡಿ ನೆರಳಿನಲ್ಲಿ ನಿಲ್ಲಿಸಿ, ಗಾಜಿನ ಒಳಗಡೆ ಒಂದು ಜಾಗದಲ್ಲಿ ಒದ್ದೆ ಅರಿವೆಯಿಂದ ಅಂಗೈ ಅಗಲ ಒರೆಸಿ. ಅಷ್ಟೇ ಜಾಗ ಹೊರಗಡೆಯೂ ಒರೆಸಿ, ಆದರೆ ಒಳಗಿನದರ ಪಕ್ಕದಲ್ಲಿ, ಅದರ ಎದುರಿಗೆ ಅಲ್ಲ. ಆಮೇಲೆ ಒಳಗೆ ಕೂತು ಬೆಳಕಿನ ಕಡೆ ನೋಡಿ. ಯಾವ ಜಾಗ ತಿಳಿಯಾಯಿತೋ ಮಂಜು ಆ ಕಡೆಯದು. ಇದನ್ನು ನೋಡದೆ ಉಜ್ಜಲು ಶುರು ಮಾಡಿದರೆ ತೋಳು ನೋಯುತ್ತದೆ, ಗಾಜು ಹಾಗೇ ಇರುತ್ತದೆ. ನಿಮ್ಮ ಗಾಡಿಗೆ ಎರಡೂ ಕಡೆ ಇದೆ ಅಂತ ನನ್ನ ಅಂದಾಜು.

ಒಳಗಿನದು ಜಿಡ್ಡು. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕಾದು ಅದರಿಂದ ಎಣ್ಣೆಯಂಥ ಆವಿ ಏಳುತ್ತದೆ, ಅದು ಹೋಗಿ ಗಾಜಿಗೆ ಕೂರುತ್ತದೆ. ಅದರ ಮೇಲೆ ನೀವು ಗಣಪನ ಮುಂದೆ ದಿನಾ ಹಚ್ಚುವ ಊದಿನಕಡ್ಡಿಯ ಹೊಗೆ. ಒಣ ಅರಿವೆಯಿಂದ ಒರೆಸಿದರೆ ಜಿಡ್ಡು ಜಾಗ ಬದಲಿಸುತ್ತದೆ ಅಷ್ಟೇ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅರಿವೆ ಅದ್ದಿ, ಚೆನ್ನಾಗಿ ಹಿಂಡಿ, ಒಮ್ಮೆ ಒರೆಸಿ. ಆಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ ಅರಿವೆಗೆ ಹಾಕಿಕೊಂಡು ಒರೆಸಿ, ಆರುವ ಮೊದಲೇ ಬೇರೆ ಒಣ ಅರಿವೆಯಿಂದ ತೆಗೆಯಿರಿ. ಬಾಗಿಲು ನಾಲ್ಕೂ ತೆರೆದಿರಲಿ. ಸ್ಪಿರಿಟ್ ಬೆಂಕಿ ಹಿಡಿಯುವ ವಸ್ತು, ಅವತ್ತೊಂದು ದಿನ ಗಣಪನಿಗೆ ಹೂವಷ್ಟೇ ಸಾಕು. ಗಾಜಿಗೆ ಫಿಲ್ಮ್ ಅಂಟಿಸಿದ್ದರೆ ಸ್ಪಿರಿಟ್ ಬೇಡ, ಸೋಪಿನ ನೀರೇ ಸಾಕು.

ಹೊರಗಿನ ಕತೆ ಬೇರೆ. ಇದು ನನ್ನ ಗಾಡಿಗೇ ಆಗಿತ್ತು, ಅದಕ್ಕೆ ಇಷ್ಟು ಧೈರ್ಯದಿಂದ ಹೇಳುತ್ತಿದ್ದೇನೆ. ಧಾರವಾಡದಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗಾಡಿ ತೊಳೆಯುವುದು ಬೋರ್ ನೀರಲ್ಲಿ. ತೊಳೆದವರು ಒರೆಸುತ್ತಿರಲಿಲ್ಲ, ಬಿಸಿಲಿಗೆ ಹಾಗೇ ಆರುತ್ತಿತ್ತು. ನಿಮ್ಮಲ್ಲೂ ಅದೇ ಅಲ್ವಾ? ತುಂಗಭದ್ರೆಯ ನಳದ ನೀರು ಬಂದ ದಿನ ಕುಡಿಯಲಿಕ್ಕೆ ಹಿಡಿದಿಡುತ್ತೀರಿ, ಗಾಡಿಗೆ ಮಾತ್ರ ಬೋರಿನ ಸವಳು ನೀರು. ಆ ನೀರಲ್ಲಿ ಸುಣ್ಣದ ಅಂಶ ಜಾಸ್ತಿ. ನೀರು ಆರುತ್ತದೆ, ಸುಣ್ಣ ಉಳಿಯುತ್ತದೆ. ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬೆಳ್ಳಗೆ ಕೂರುತ್ತದಲ್ಲ, ಗಾಜಿನ ಮೇಲೂ ಅದೇ. ನನ್ನ ಗಾಜನ್ನು ಬೆರಳಲ್ಲಿ ಸವರಿದರೆ ಸಣ್ಣ ಪಾಲಿಶ್ ಪೇಪರಿನ ಹಾಗೆ ತರಿತರಿ ಅನ್ನುತ್ತಿತ್ತು. ಒಂದು ಅಂಗಡಿಯಲ್ಲಿ ತೋರಿಸಿದೆ, ಮುಟ್ಟಿಯೂ ನೋಡದೆ ಗಾಜು ಬದಲಿಸಿ ಅಂದರು. ಸಿಟ್ಟು ಬಂತು, ವಾಪಸ್ ಬಂದೆ.

ಸುಣ್ಣಕ್ಕೆ ಮದ್ದು ಹುಳಿ. ಬಿಳಿ ವಿನೆಗರ್ ಒಂದು ಬಾಟಲಿ ತಂದೆ. ಮೊದಲು ಗಾಜಿನ ಮೇಲೆ ಧಾರಾಳ ನೀರು ಹೊಯ್ದು ಧೂಳು ಕಳೆದೆ. ಇದನ್ನು ಬಿಡಬಾರದು ಕಾಕಾ, ಧೂಳಲ್ಲಿರುವ ಮರಳು ಗಾಜಿಗಿಂತ ಗಟ್ಟಿ, ಅದರ ಸಮೇತ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಟಿಶ್ಯೂ ಪೇಪರನ್ನು ವಿನೆಗರಿನಲ್ಲಿ ನೆನೆಸಿ ಗಾಜಿನ ಮೇಲೆ ಹಾಸಿದೆ, ದೋಸೆ ಹಂಚಿಗೆ ಅಂಟಿದ ಹಾಗೆ ಅಂಟಿಕೊಂಡಿತು. ಹದಿನೈದು ನಿಮಿಷ ಆರಲು ಬಿಡಲಿಲ್ಲ, ಮೇಲಿಂದ ಮೇಲೆ ಚಿಮುಕಿಸಿದೆ. ತೆಗೆದು ಮೆತ್ತನೆ ಅರಿವೆಯಿಂದ ಉಜ್ಜಿದರೆ ಅರ್ಧಕ್ಕರ್ಧ ಕಲೆ ಹೋಗಿತ್ತು. ಮತ್ತೆ ಎರಡು ಸಲ ಹಾಗೇ ಮಾಡಿದೆ. ಬೆರಳು ಸವರಿದರೆ ಈಗ ಜಾರುತ್ತಿತ್ತು. ಆ ಜಾರಿಕೆ ಸಿಕ್ಕಾಗ ಎಷ್ಟು ಖುಷಿಯಾಯಿತು ಅಂದರೆ, ಅವ್ವನನ್ನು ಕೆಳಗೆ ಕರೆದು ಮುಟ್ಟಿಸಿದೆ.

ವಿನೆಗರ್ ಬಾನೆಟ್ಟಿನ ಬಣ್ಣದ ಮೇಲೆ ನಿಲ್ಲಬಾರದು. ಕೆಳಗೆ ಒದ್ದೆ ಟವೆಲ್ ಹಾಸಿ, ಮುಗಿದ ಮೇಲೆ ಚೆನ್ನಾಗಿ ನೀರು ಹೊಯ್ಯಿರಿ. ಕೊನೆಯ ನೀರು ನಳದ್ದೇ ಇರಲಿ, ಒಂದು ಕೊಡ ಸಾಕು, ತಕ್ಷಣ ಒರೆಸಿ.

ತಮ್ಮಾ, ನೀನು ಗ್ರೂಪಿನಲ್ಲಿ ಕಾಕಾ ಬರೆದದ್ದರ ಕೆಳಗೆ, ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿ ಅಂತ ಬರೆದಿದ್ದೀಯ. ದಯವಿಟ್ಟು ಬೇಡಪ್ಪ. ಅದು ಬಣ್ಣ, ಲೋಹ ಎಲ್ಲ ತಿನ್ನುತ್ತದೆ, ಕಾಕಾನ ಕೈಗೂ ಕಣ್ಣಿಗೂ ಅಪಾಯ. ವಿನೆಗರ್ ಇರುವಲ್ಲಿ ಬ್ಲೀಚಿಂಗ್ ಪೌಡರ್ ಕೂಡ ತರಬೇಡ, ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಪಾತ್ರೆ ತಿಕ್ಕುವ ತಂತಿಯ ಜುಂಗನ್ನೂ ಗಾಜಿಗೆ ಹಚ್ಚಬೇಡಿ.

ಬೇವಿನ ಗಿಡದ ಕೆಳಗೆ ನಿಲ್ಲಿಸುತ್ತೀರಲ್ಲ, ಆ ಅಂಟಿನ ಚುಕ್ಕೆಗಳಿಗೆ ಸೋಪಿನ ನೀರು ನೆನೆಸಿಟ್ಟು, ಹೊಸ ಬ್ಲೇಡನ್ನು ಮಲಗಿಸಿ ಹಿಡಿದು ಮೆಲ್ಲಗೆ ಎತ್ತಿದರೆ ಬರುತ್ತದೆ. ಗಾಜು ಒದ್ದೆ ಇರಬೇಕು, ಹೊರಗಡೆ ಮಾತ್ರ.

ಇಷ್ಟಾದ ಮೇಲೂ ಒಂದು ತೆಳು ಮಂಜು ಉಳಿಯಬಹುದು. ನನಗೂ ಉಳಿದಿತ್ತು. ಸವಳು ನೀರು ಬಹಳ ದಿನ ಬಿಸಿಲಲ್ಲಿ ಆರಿ ಆರಿ ಗಾಜಿನ ಮೈಯನ್ನೇ ಸ್ವಲ್ಪ ತಿಂದಿರುತ್ತದೆ, ಅದಕ್ಕೆ ಹುಳಿ ನಡೆಯೋದಿಲ್ಲ. ಅದಕ್ಕೆ ಸೀರಿಯಂ ಆಕ್ಸೈಡ್ ಅಂತ ಒಂದು ಪುಡಿ ಬರುತ್ತದೆ. ನಿಮ್ಮ ಚಷ್ಮಾದ ಗಾಜಿಗೆ ಹೊಳಪು ಕೊಡಲಿಕ್ಕೂ ಇದನ್ನೇ ಬಳಸುತ್ತಿದ್ದರು. ನೀರಲ್ಲಿ ಮಜ್ಜಿಗೆಯ ಹದಕ್ಕೆ ಕಲಸಿ, ಉಣ್ಣೆಯ ಪ್ಯಾಡಿನಿಂದ ಸುತ್ತ ಸುತ್ತ ತಿಕ್ಕಬೇಕು. ಒಣಗಲು ಬಿಡಬಾರದು, ಮಷಿನ್ ಹಾಕಿದರೆ ನಿಧಾನದ ಸ್ಪೀಡು, ಗಾಜು ಕಾದರೆ ನಿಲ್ಲಿಸಬೇಕು. ಒಂದೇ ಕಡೆ ಬಹಳ ಹೊತ್ತು ತಿಕ್ಕಿದರೆ ಅಲ್ಲಿ ತಗ್ಗು ಬಿದ್ದು, ಆಚೆಗಿನ ರಸ್ತೆ ನೀರಲ್ಲಿ ಕಂಡ ಹಾಗೆ ಅಲುಗುತ್ತದೆ. ಪುಡಿ ಕಲಸುವಾಗ ಮೂಗಿಗೆ ಅರಿವೆ ಕಟ್ಟಿಕೊಳ್ಳಬೇಕು. ಈ ಕೆಲಸ ನೀವು ಒಬ್ಬರೇ ಮಾಡಬೇಡಿ, ನಾನು ಬರುತ್ತೇನೆ.

ಇನ್ನೊಂದು. ವೈಪರ್ ಓಡಾಡುವ ಜಾಗದಲ್ಲಿ ಕಮಾನಿನ ಹಾಗೆ ಗೀರು ಇದ್ದರೆ ಉಗುರು ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಬಿದ್ದರೆ ಅದು ಆಳದ್ದು, ಪುಡಿಯಿಂದ ಹೋಗೋದಿಲ್ಲ. ಹಾಗೆಯೇ ಗಾಜಿನ ಅಂಚಿನಲ್ಲಿ ಬೆಳ್ಳಗೆ ಮೋಡದ ಹಾಗೆ ಕಂಡು, ಒಳಗೆ ಹೊರಗೆ ಎಲ್ಲಿ ಒರೆಸಿದರೂ ಕದಲದಿದ್ದರೆ, ಅದು ಗಾಜಿನ ಹೊಟ್ಟೆಯೊಳಗಿನದು. ಮುಂದಿನ ಗಾಜು ಒಂದೇ ಅಲ್ಲ, ಎರಡು ಗಾಜಿನ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ಬೆಸೆದಿರುತ್ತಾರೆ. ಆ ಬೆಸುಗೆ ಬಿಟ್ಟರೆ ಹಾಗಾಗುತ್ತದೆ. ಇವು ನೋಟಕ್ಕೆ ಅಡ್ಡ ಬರುವ ಜಾಗದಲ್ಲಿದ್ದರೆ ಮಾತ್ರ ಗಾಜು ಬದಲಿಸುವ ಮಾತು.

ವೈಪರ್ ರಬ್ಬರ್ ಹೇಗೂ ಹೊಸದು ಹಾಕಿಸಿ. ಹಳೆಯದು ಗಟ್ಟಿಯಾಗಿರುತ್ತದೆ, ಧೂಳು ಹಿಡಿದುಕೊಂಡು ತಿಳಿಯಾದ ಗಾಜನ್ನು ಮತ್ತೆ ಕೆರೆಯುತ್ತದೆ. ಒಣ ಗಾಜಿನ ಮೇಲೆ ವೈಪರ್ ಹಾಕುವ ರೂಢಿ ನಿಮಗಿದೆ ಕಾಕಾ, ಅದೊಂದು ಬಿಟ್ಟುಬಿಡಿ.

ಶನಿವಾರ ಬೆಳಿಗ್ಗೆ ಧಾರವಾಡದಿಂದ ಹೊರಡುತ್ತೇನೆ, ಹುಬ್ಬಳ್ಳಿಯಲ್ಲಿ ಪುಡಿ, ಪ್ಯಾಡ್ ತೆಗೆದುಕೊಂಡು ಹತ್ತು ಗಂಟೆಯೊಳಗೆ ಗದಗ ಮುಟ್ಟುತ್ತೇನೆ. ನೀವು ಎರಡು ಬಾಟಲಿ ವಿನೆಗರ್, ಹಳೆಯ ಹತ್ತಿ ಪಂಚೆ ಒಂದು, ಒಂದು ಕೊಡ ನಳದ ನೀರು ಇಟ್ಟಿರಿ. ಗಾಡಿ ಮನೆ ನೆರಳಿಗೆ ಹಚ್ಚಿ, ಬೇವಿನ ಗಿಡದ ಕೆಳಗೆ ಬೇಡ. ಅಲ್ಲಿವರೆಗೆ ರಾತ್ರಿ ಗಾಡಿ ತೆಗೆಯಬೇಡಿ, ಹುಬ್ಬಳ್ಳಿ ಕೆಲಸ ಇದ್ದರೆ ಬಸ್ಸಿಗೆ ಹೋಗಿ. ಗಾಡಿ ಕೊಳ್ಳುವವರು ಫೋನ್ ಮಾಡಿದರೆ ಸೋಮವಾರ ಹೇಳುತ್ತೇನೆ ಅನ್ನಿ.