ಪದಚರ್ಚೆ: ಕಾರಿನ ಹಿಂದೆ ಕಟ್ಟುವ ಟ್ರೈಲರಿನ ‘ಟಂಗ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ನಮ್ಮ ನಾಲ್ಕಾರು ಕನ್ನಡದ ಮನೆಗಳವರು ಸೇರಿ, ಬೇಸಿಗೆಯ ಕ್ಯಾಂಪಿಂಗಿಗೆ ಬೇಕಾದ ಡೇರೆ, ಒಲೆ, ಹಾಸಿಗೆ, ನೀರಿನ ಕ್ಯಾನು ಮೊದಲಾದ ಸಾಮಾನುಗಳನ್ನು ಹೊತ್ತು ಸಣ್ಣ ಕಾರಿನ ಹಿಂದೆ ಬರಬಲ್ಲ ಹಗುರವಾದ ಟ್ರೈಲರೊಂದನ್ನು ಕಟ್ಟುತ್ತಿದ್ದೇವೆ. ಬೋಲ್ಟು ಬಿಗಿದು ಜೋಡಿಸುವ, 4 ಅಡಿ ಅಗಲ ಮತ್ತು 8 ಅಡಿ ಉದ್ದದ ಉಕ್ಕಿನ ಚೌಕಟ್ಟಿನ ಮೇಲೆ ಪ್ಲೈವುಡ್ ಪೆಟ್ಟಿಗೆಯನ್ನು ಕೂರಿಸಿ, ಅದರ ಅಂಚುಗಳಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೆದಿದ್ದೇವೆ. ಪೂರ್ತಿ ತುಂಬಿದಾಗ ಒಟ್ಟು ತೂಕ 900 ಪೌಂಡು, ಎಂದರೆ ಸುಮಾರು 408 ಕಿಲೋ ಮೀರಬಾರದೆಂಬುದು ನಮ್ಮ ಲೆಕ್ಕ. ಸರದಿಯ ಮೇಲೆ ಒಯ್ಯುವ ಈ ಟ್ರೈಲರಿಗೆ ಸಾಮಾನು ತುಂಬಲು ಊರಿನಿಂದ ಬಂದ ಹಿರಿಯರೂ ಕೈಹಾಕುವುದರಿಂದ, ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಕನ್ನಡದಲ್ಲೊಂದು ಸೂಚನೆ ಬರೆಸಬೇಕಾಗಿದೆ. ಬರೆಯುವವರು ಶನಿವಾರ ಬರುತ್ತಾರೆ.

ಚೌಕಟ್ಟಿನಿಂದ ಮುಂದಕ್ಕೆ ಚಾಚಿ ಕಾರಿನ ಕೊಂಡಿಯನ್ನು ಸೇರುವ ಭಾಗಕ್ಕೆ ಇಲ್ಲಿ ‘ಟಂಗ್’ ಎನ್ನುತ್ತಾರೆ. ಅದು ಕೊಂಡಿಯ ಗುಂಡಿನ ಮೇಲೆ ಕೆಳಮುಖವಾಗಿ ಹೇರುವ ತೂಕಕ್ಕೆ ‘ಟಂಗ್ ವೇಟ್’ ಎನ್ನುತ್ತಾರೆ. ಈ ತೂಕವು ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟಿರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೈಲರು ಎಡಕ್ಕೂ ಬಲಕ್ಕೂ ತೂಗಾಡಿ ಕಾರನ್ನೂ ಜೊತೆಗೆ ಎಳೆದಾಡುತ್ತದೆ; ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ‘ನಾಲಿಗೆಭಾರ’ ಎಂದು ಬರೆಸಿದರೆ ಅತಿಯಾಗಿ ಮಾತಾಡುವವರಿಗೆ ಕೊಟ್ಟ ಎಚ್ಚರಿಕೆಯಂತೆ ಕಾಣುತ್ತದೆ. ಈ ಎರಡಕ್ಕೂ, ಆ ತೂಗಾಟಕ್ಕೂ ಓದಿದ ಕೂಡಲೇ ತಿಳಿಯುವ ಪದಗಳನ್ನು ದಯವಿಟ್ಟು ಸೂಚಿಸಿ.

ಮರುಪತ್ರ 1

ಎತ್ತಿನ ಗಾಡಿ ಕಂಡವರು ಯಾರೂ ಈ ಪ್ರಶ್ನೆಯನ್ನು ಕೇಳಲಾರರು. ಅದು ಮೂಕಿ. ಗಾಡಿಯ ಎರಡು ಮಗ್ಗುಲ ಮರಗಳು ಮುಂದಕ್ಕೆ ಬಂದು ಕೂಡಿ, ನೊಗವನ್ನು ಕಟ್ಟಿಸಿಕೊಳ್ಳುವ ತುದಿಯೇ ಮೂಕಿ. ನಿಮ್ಮ ಉಕ್ಕಿನ ಚೌಕಟ್ಟಿನ ಎರಡು ತೋಳುಗಳು ಮುಂದೆ ಕೂಡುವುದಾದರೆ ಆಕಾರದಲ್ಲಿಯೂ ವ್ಯತ್ಯಾಸವಿಲ್ಲ. ಎತ್ತು ಬಿಚ್ಚಿದ ಮೇಲೆ ಮೂಕಿಗೆ ಊರುಗೋಲು ಕೊಡುವುದನ್ನೇ ನೀವು ಜಾಕಿಯಿಂದ ಮಾಡುತ್ತೀರಿ.

ತೂಕದ ಮಾತೂ ಹೊಸದೇನಲ್ಲ. ಗಾಡಿಗೆ ಹೇರು ಹೇರುವಾಗ ‘ಮುಂಭಾರ ಆಯಿತು’, ‘ಹಿಂಭಾರ ಆಯಿತು’ ಎಂದು ಹೇಳುತ್ತಲೇ ಮೂಟೆಗಳನ್ನು ಹಿಂದೆ ಮುಂದೆ ಸರಿಸುತ್ತಾರೆ. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳ ಕಣ್ಣಿ ಎತ್ತುಗಳ ಗಂಟಲನ್ನು ಒತ್ತುತ್ತದೆ, ಮುಂಭಾರ ಮಿತಿಮೀರಿದರೆ ಹೆಗಲು ಬಾಯುತ್ತದೆ. ಆದ್ದರಿಂದಲೇ ಅಚ್ಚಿನ, ಎಂದರೆ ಎರಡು ಚಕ್ರಗಳನ್ನು ಕೂಡಿಸುವ ದಂಡದ, ಮುಂದೆ ಒಂದಿಷ್ಟು ಹೆಚ್ಚು ಇರುವಂತೆ ಹದ ನೋಡಿ ಹೇರುತ್ತಾರೆ. ಮೂಕಿಯ ಮೇಲೆ ಬೀಳುವ ಆ ಭಾರಕ್ಕೆ ‘ಮೂಕಿಭಾರ’ ಎಂದು ಬರೆಯಿಸಿ ಮುಗಿಸಿ. ಅಂದಹಾಗೆ ಮೂಕಿ ಎಂಬುದು ಮೂಗಿಗೆ ಸೇರಿದ್ದು. ತಮಿಳಿನ ‘ಮೂಕ್ಕು’, ತೆಲುಗಿನ ‘ಮುಕ್ಕು’ಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಮುಂದಕ್ಕೆ ಚಾಚಿದ್ದೆಲ್ಲ ಮೂಗೇ ಎಂಬುದು ಹೊಳೆಯುತ್ತದೆ. ಇದನ್ನು ಸಂಸ್ಕೃತದ ‘ಮುಖ’ಕ್ಕೆ ಗಂಟುಹಾಕುವವರು ಈ ಬಳಗದಲ್ಲಿದ್ದಾರೆಂದು ಬಲ್ಲೆ, ಅವರು ದಯವಿಟ್ಟು ಸುಮ್ಮನಿರಲಿ.

ಮರುಪತ್ರ 2

ಕಬ್ಬು ಬೆಳೆಯುವ ಜಿಲ್ಲೆಗಳ ಯಾವ ರೈತನನ್ನಾದರೂ ಕೇಳಿ ನೋಡಿ, ಟ್ರ್ಯಾಕ್ಟರಿನ ಹಿಂದಿರುವುದಕ್ಕೆ ಟ್ರೇಲರ್ ಅಥವಾ ಟ್ರಾಲಿ ಎನ್ನುತ್ತಾನೆಯೇ ಹೊರತು ಬೇರೆ ಪದಕ್ಕಾಗಿ ಪರದಾಡುವುದಿಲ್ಲ. ಮೂಕಿಯನ್ನು ಕಣ್ಣಾರೆ ಕಾಣದ ಎರಡು ತಲೆಮಾರುಗಳು ಈಗಾಗಲೇ ಬಂದಿವೆ. ‘ಟಂಗ್’ ಎಂದೇ ಬರೆದು ಪಕ್ಕದಲ್ಲೊಂದು ಬಾಣದ ಗುರುತು ಹಾಕಿದರೆ ಸಾಕು. ರಸ್ತೆಯ ಸುರಕ್ಷತೆಯ ವಿಷಯದಲ್ಲಿ ಭಾಷಾಭಿಮಾನದ ಪ್ರದರ್ಶನ ಬೇಡ.

ಮರುಪತ್ರ 3

ಮೊದಲನೆಯದಾಗಿ, ‘ಮೂಕಿಭಾರ’ ಅರಿಸಮಾಸ. ಕನ್ನಡದ ‘ಮೂಕಿ’ಯ ಜೊತೆಗೆ ಸಂಸ್ಕೃತದ ‘ಭಾರ’ವನ್ನು ಹೊಲಿಯುವುದನ್ನು ಕೇಶಿರಾಜನು 13ನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ನಿಷೇಧಿಸಿದ್ದಾನೆ. ‘ತೂಗು’ ಎಂಬ ಅಚ್ಚಗನ್ನಡ ಧಾತುವಿನಿಂದ ಬಂದ ‘ತೂಕ’ ಇರುವಾಗ ‘ಮೂಕಿತೂಕ’ ಎನ್ನುವುದಕ್ಕೆ ಏನು ಅಡ್ಡಿಯೆಂಬುದು ನನಗೆ ತಿಳಿಯುತ್ತಿಲ್ಲ. ಎರಡನೆಯದಾಗಿ, ಟ್ರೈಲರನ್ನು ‘ಹಿಂಬಂಡಿ’ ಎಂದು ಕರೆಯಿರಿ. ಸಿನಿಮಾದ ತುಣುಕಿಗೂ ಟ್ರೈಲರ್, ಡೇರೆ ಹೊರುವ ಬಂಡಿಗೂ ಟ್ರೈಲರ್ ಎನ್ನುವ ಬಡತನ ಕನ್ನಡಕ್ಕೆ ಬಂದಿಲ್ಲ. ಮೂರನೆಯದಾಗಿ, ಕೊಂಡಿಗೆ ತೂರಿಸುವ ಪಿನ್ನಿಗೆ ‘ಕಡೆಗೀಲು’ ಎಂಬ ಸೊಗಸಾದ ಪದವಿದೆ. ಜೇಡರ ದಾಸಿಮಯ್ಯನು ಕಡೆಗೀಲನ್ನೇ ಬಂಡಿಗೆ ಆಧಾರವೆಂದಿದ್ದಾನೆ. ಪದವಿದ್ದೂ ಬಳಸದಿರುವುದು ಸೋಮಾರಿತನ. ಎರಡನೆಯ ಮರುಪತ್ರದವರಿಗೆ ಉತ್ತರಿಸುವ ಅಗತ್ಯ ಕಾಣುವುದಿಲ್ಲ.

ಮರುಪತ್ರ 4

ಜರ್ಮನಿಯಿಂದ ಬರೆಯುತ್ತಿದ್ದೇನೆ. ಮೂಗಿನ ಮಾತು ಬಂದದ್ದರಿಂದ ಹೇಳುತ್ತೇನೆ: ಅಮೆರಿಕದವರು ನಾಲಿಗೆಯ ತೂಕ ಎನ್ನುವುದನ್ನೇ ಬ್ರಿಟನ್ನಿನವರು ಮೂಗಿನ ತೂಕ, ‘ನೋಸ್‌ವೇಟ್’ ಎನ್ನುತ್ತಾರೆ, ಆಸ್ಟ್ರೇಲಿಯಾದವರು ಅಂಗಾಂಗಗಳ ಗೊಡವೆಯೇ ಬೇಡವೆಂದು ‘ಟೋಬಾಲ್ ಮಾಸ್’ ಎಂದು ಕೊಂಡಿಯ ಗುಂಡಿನ ಹೆಸರು ಹಿಡಿದಿದ್ದಾರೆ, ಇಲ್ಲಿಯವರು ‘ಶ್ಟುಟ್ಸ್‌ಲಾಸ್ಟ್’, ಎಂದರೆ ಆಸರೆಯ ಮೇಲೆ ಬೀಳುವ ಹೊರೆ ಎನ್ನುತ್ತಾರೆ. ಹೀಗಿರುವಾಗ ಕನ್ನಡವು ಇಂಗ್ಲಿಷಿನ ನಾಲಿಗೆಗೇ ಜೋತುಬೀಳಬೇಕಾಗಿಲ್ಲ. ಆದರೆ ನೀವು ಕೊಟ್ಟಿರುವ ಅಂಕಿಗಳು ಅಮೆರಿಕಕ್ಕೆ ಸೇರಿದವು ಎಂಬುದನ್ನು ಓದುಗರು ಗಮನಿಸಲಿ. ಇಲ್ಲಿಯ ಕಾನೂನು ಟ್ರೈಲರಿನ ತೂಕದ ಶೇಕಡಾ 4ರಷ್ಟಾದರೂ ಕೊಂಡಿಯ ಮೇಲಿರಬೇಕೆಂದು ಹೇಳುತ್ತದೆ, ಅದೂ 25 ಕಿಲೋಗಿಂತ ಹೆಚ್ಚನ್ನು ಕಡ್ಡಾಯ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ಶೇಕಡಾ 5ರಿಂದ 7 ಎನ್ನುತ್ತಾರೆ. ಇಲ್ಲಿ ಟ್ರೈಲರ್ ಎಳೆಯುವ ಕಾರಿಗೆ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರಿನ ಮಿತಿಯಿದೆ, ಹೆದ್ದಾರಿಯಲ್ಲಿ 100ಕ್ಕೆ ಹೋಗಲು ಬೇರೆ ಅನುಮತಿ ಬೇಕು. ಆದ್ದರಿಂದ ನಿಮ್ಮ ಫಲಕವನ್ನು ಇಲ್ಲಿ ಯಾರೂ ನಕಲು ಮಾಡದಿರಲಿ.

ಮರುಪತ್ರ 5

ಮೂಗಿನ ತೂಕ! ನಾನು ಹೇಳಿದ್ದನ್ನು ಬ್ರಿಟನ್ನಿನವರೂ ಒಪ್ಪಿದಂತಾಯಿತು.

ಇನ್ನು ಮೂರನೆಯ ಮರುಪತ್ರದ ಮಹನೀಯರಿಗೆ. ಕಡೆಗೀಲು ಇರುವುದು ಅಚ್ಚಿನ ತುದಿಯಲ್ಲಿ. ಚಕ್ರ ಕಳಚಿ ಹೋಗದಂತೆ ಅದು ತಡೆಯುತ್ತದೆ, ದಾಸಿಮಯ್ಯನು ಅದನ್ನು ಆಧಾರವೆಂದದ್ದೂ ಅದರಿಂದಲೇ. ಅದನ್ನು ಕಿತ್ತು ಮೂಕಿಯ ತುದಿಗೆ ತಂದಿಟ್ಟರೆ ವಚನವೂ ಕೆಡುತ್ತದೆ, ಬಂಡಿಯೂ ಕೆಡುತ್ತದೆ. ಕೊಂಡಿಯದು ಬರೀ ಕೀಲು. ಅರಿಸಮಾಸದ ವಿಷಯಕ್ಕೆ ಬಂದರೆ, ಬಿರುದಾವಳಿಗಳಿಗೂ ಹಿಂದಿನ ಕವಿಗಳ ಪ್ರಯೋಗಗಳಿಗೂ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಹೇರು ಹೇರುವವರ ಬಾಯಲ್ಲಿ ಬಹುಕಾಲದಿಂದ ಸವೆದು ಬಂದ ‘ಮುಂಭಾರ’ಕ್ಕೆ ಅಷ್ಟೂ ರಿಯಾಯಿತಿ ಇಲ್ಲವೇ? ತೂಕವೇ ಬೇರೆ, ಭಾರವೇ ಬೇರೆ. ತೂಕ ವಸ್ತುವಿನದು, ಭಾರ ಅದನ್ನು ಹೊತ್ತವನದು. ಡೇರೆಯನ್ನು ಪೆಟ್ಟಿಗೆಯ ಹಿಂದಿನ ತುದಿಯಿಂದ ಮುಂದಕ್ಕೆ ತಂದರೆ ಅದರ ತೂಕ ಅಷ್ಟೇ ಇರುತ್ತದೆ, ಮೂಕಿಯ ಮೇಲಿನ ಭಾರ ಮಾತ್ರ ಹೆಚ್ಚುತ್ತದೆ. ಫಲಕ ಹೇಳಬೇಕಾದದ್ದು ಇದನ್ನೇ.

ಅಚ್ಚಗನ್ನಡದ ಹಟ ಹಿಡಿಯುವವರು ‘ಅಚ್ಚು’ ಎಂಬುದನ್ನು ಏನು ಮಾಡುತ್ತಾರೆ? ಅದು ‘ಅಕ್ಷ’ದ ತದ್ಭವ, ಇಂಗ್ಲಿಷಿನ ‘ಆ್ಯಕ್ಸಲ್’ ಕೂಡ ಅದೇ ಮೂಲದ ದೂರದ ಸಂಬಂಧಿ. ‘ಗಾಡಿ’ ಬಡಗಣದಿಂದ ಬಂದದ್ದು, ‘ರಸ್ತೆ’ ಪಾರಸಿಯಿಂದ, ‘ಚಾವಿ’ ಪೋರ್ಚುಗೀಸಿನಿಂದ. ಇವುಗಳನ್ನೆಲ್ಲ ಹಿಂದಿರುಗಿಸುವವರೆಗೆ ಟ್ರೈಲರೊಂದರ ಮೇಲೆಯೇ ಸಿಟ್ಟೇಕೆ? ವಸ್ತುವಿನ ಜೊತೆಗೆ ಬಂದ ಹೆಸರು ವಸ್ತುವಿನ ಜೊತೆಗೇ ಇರಲಿ. ನಮ್ಮಲ್ಲಿ ಮೊದಲೇ ಇದ್ದ ಭಾಗಕ್ಕೆ ಮಾತ್ರ ಪರದೇಶದ ಹೆಸರು ಬೇಡ.

ಮರುಪತ್ರ 6

ತೂಕ ಮತ್ತು ಭಾರಗಳ ಈ ವಿಂಗಡಣೆ ಅವರ ಸ್ವಂತ ಸೃಷ್ಟಿ. ‘ತಲೆಭಾರ’ ಎನ್ನುತ್ತಾರಲ್ಲ, ಅಲ್ಲಿ ತಲೆಯನ್ನು ಹೊತ್ತವನು ಯಾರು? ‘ಮುಂಭಾರ’ವನ್ನು ಆಡುಮಾತೆಂದು ಒಪ್ಪೋಣ, ಆದರೆ ಅದನ್ನು ತೋರಿಸಿ ಹೊಸ ಅರಿಸಮಾಸ ಹುಟ್ಟಿಸಲು ಯಾರಿಗೂ ಅಧಿಕಾರವಿಲ್ಲ. ಹಿಂದೆ ತಪ್ಪಿ ಬಂದ ಎರವಲುಗಳನ್ನು ತೋರಿಸಿ ಮುಂದಿನ ಎರವಲುಗಳಿಗೆ ಬಾಗಿಲು ತೆರೆಯುವುದು ವಾದವಲ್ಲ, ಶರಣಾಗತಿ. ಕಡೆಗೀಲಿನ ವಿಷಯ ಹಾಗಿರಲಿ.

ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಬರೆಯುವವರು ನಾಳೆ ಬರುವುದರಿಂದ ನನ್ನ ಆಯ್ಕೆಯನ್ನೂ ಅದರ ಕಾರಣವನ್ನೂ ತಿಳಿಸಿಬಿಡುತ್ತೇನೆ.

ಈ ಭಾರವನ್ನು ಅಳೆಯಲು ನಾವು ಬಚ್ಚಲುಮನೆಯ ತೂಕದ ಯಂತ್ರವನ್ನೇ ಬಳಸುತ್ತೇವೆ. ಟ್ರೈಲರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಯಂತ್ರದ ಮೇಲೊಂದು ಮರದ ತುಂಡನ್ನು ನಿಲ್ಲಿಸಿ, ಕಾರಿನ ಕೊಂಡಿಗೆ ಸೇರುವಾಗ ಇರುವಷ್ಟೇ ಎತ್ತರದಲ್ಲಿ ಮುಂದಿನ ತುದಿಯನ್ನು ಅದರ ಮೇಲೆ ಇಳಿಸಬೇಕು. ನೀರಿನ ಕ್ಯಾನುಗಳನ್ನು ಹಿಂದಿನ ಬಾಗಿಲ ಬಳಿಯಿಂದ ಅಚ್ಚಿನ ಮುಂದಕ್ಕೆ ಸರಿಸಿದರೆ, ಟ್ರೈಲರಿನ ಒಟ್ಟು ತೂಕ ಒಂದಿಷ್ಟೂ ಬದಲಾಗದೆ ಯಂತ್ರದ ಮುಳ್ಳು ಮಾತ್ರ ಏರುತ್ತದೆ. ಈ ಏರಿಕೆಯನ್ನು ‘ತೂಕ’ವೆಂದು ಬರೆಸಿದರೆ, ‘ತೂಕ ಕಡಿಮೆಯಿದೆ, ಇನ್ನಷ್ಟು ಸಾಮಾನು ತುಂಬೋಣ’ ಎಂದು ಅರ್ಥಮಾಡಿಕೊಳ್ಳುವ ಅಪಾಯವಿದೆ. ನಮ್ಮ ಕಾರಿಗೆ ಹಾಕಿಸಿರುವುದು ಒಟ್ಟು 2,000 ಪೌಂಡು ಎಳೆಯಬಲ್ಲ, ಮೇಲಿನಿಂದ 200 ಪೌಂಡು ಹೊರಬಲ್ಲ, ಇಲ್ಲಿ ‘ಕ್ಲಾಸ್ 1’ ಎನ್ನುವ ದರ್ಜೆಯ ಕೊಂಡಿ. ಆದರೆ ಕಾರಿನ ತಯಾರಕರು ಹೇಳಿದ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಕಡಿಮೆಯದನ್ನೇ ಪಾಲಿಸಬೇಕು. ಹಾಗಾಗಿ ವ್ಯಾಕರಣದ ಆಕ್ಷೇಪಣೆಯನ್ನು ಗೌರವಿಸುತ್ತಲೇ ‘ಮೂಕಿಭಾರ’ವನ್ನು ಉಳಿಸಿಕೊಂಡಿದ್ದೇನೆ. ಮೂಕಿ ಯಾವುದೆಂದು ತಿಳಿಯದ ಕಿರಿಯರಿಗಾಗಿ ಎರಡನೆಯ ಮರುಪತ್ರದವರ ಬಾಣದ ಗುರುತನ್ನೂ ಹಾಕಿಸುತ್ತೇನೆ. ತೂಗಾಟಕ್ಕೆ ಯಾರೂ ಪದ ಸೂಚಿಸದಿದ್ದುದರಿಂದ, ಮನೆಯಲ್ಲಿ ನಾವು ಆಡುವ ‘ಜೋಲಿ ಹೊಡೆಯುವುದು’ ಎಂಬುದನ್ನೇ ಬಳಸಿದ್ದೇನೆ. ನೋಂದಣಿಯ ಕಾಗದದಲ್ಲಿ ಇರುವುದು ಟ್ರೈಲರ್ ಎಂದೇ ಆದ್ದರಿಂದ ‘ಹಿಂಬಂಡಿ’ಯನ್ನು ಕೈಬಿಟ್ಟಿದ್ದೇನೆ.

ಫಲಕದ ಪಾಠ ಹೀಗಿದೆ:

ಪೂರ್ತಿ ತುಂಬಿದ ಟ್ರೈಲರಿನ ಮೂಕಿಭಾರ 90 ಪೌಂಡಿಗಿಂತ ಕಡಿಮೆ ಇರಬಾರದು, 135 ಪೌಂಡು ಮೀರಬಾರದು. ಭಾರದ ಸಾಮಾನುಗಳನ್ನು ತಳದಲ್ಲಿ, ಅಚ್ಚಿನ ಮುಂದಕ್ಕೆ ಇಡಿ. ಟ್ರೈಲರನ್ನು ಕಾರಿಗೆ ಬಿಗಿಯುವ ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಗಿ ಹಾಕಿ. ಹಿಂಭಾರವಾದರೆ ಟ್ರೈಲರ್ ಜೋಲಿ ಹೊಡೆಯುತ್ತದೆ. ಜೋಲಿ ಹೊಡೆದಾಗ ಜೋರಾಗಿ ಬ್ರೇಕ್ ಹಾಕಬೇಡಿ; ಸ್ಟೀರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ.

ಮರುಪತ್ರ 7

‘ಸ್ಟೀರಿಂಗನ್ನು’, ‘ಆಕ್ಸಿಲರೇಟರಿನಿಂದ’ ಎಂಬುವುಗಳ ಬಗ್ಗೆ ಬೇರೆ ಎಳೆಯಲ್ಲಿ ಬರೆಯುತ್ತೇನೆ. ಸದ್ಯಕ್ಕೆ ‘ಮೂಕಿಭಾರ’ಕ್ಕೆ ನನ್ನ ವಿರೋಧ ದಾಖಲಾಗಲಿ.