ಪದಚರ್ಚೆ: ಪೆಟ್ರೋಲ್ ಇಲ್ಲದ ಟ್ಯಾಂಕಿಗೆ ಏನೆನ್ನೋಣ?

ಗೆಳೆಯರೇ, ನಮಸ್ಕಾರ.

ಹಳೆಯ ಜಪಾನಿ ಬೈಕುಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸದ್ಯ ಕೈಯಲ್ಲಿರುವುದು ಯಮಹಾದ ಎಕ್ಸ್‌ವಿ535 ವಿರಾಗೋ, 1987ರಲ್ಲಿ ಬಂದ ಕ್ರೂಸರ್, ಅಂದರೆ ತಗ್ಗು ಸೀಟಿನಲ್ಲಿ ಆರಾಮಾಗಿ ಕೂತು ಓಡಿಸುವ ಬೈಕು. ಇಂಜಿನ್, ಗೇರ್, ಬ್ರೇಕ್ ಇವುಗಳ ವಿವರ ಬರೆಯಲು ಕಷ್ಟವಾಗಲಿಲ್ಲ. ಗ್ಯಾರೇಜಿನಲ್ಲಿ ಆಡುವ ಮಾತೇ ಸಾಕಾಯಿತು. ಕೈಕೊಟ್ಟಿದ್ದು ಟ್ಯಾಂಕು.

ವಿಷಯ ಇಷ್ಟೇ. ಹ್ಯಾಂಡಲ್‌ಗೂ ಸೀಟಿಗೂ ನಡುವೆ, ಎಲ್ಲ ಬೈಕುಗಳಲ್ಲಿ ಇರುವ ಹಾಗೆ, ಇದರಲ್ಲೂ ಚಂದದ ಟ್ಯಾಂಕ್ ಕಾಣುತ್ತದೆ. ಮುಂದೆ ದಪ್ಪ, ಸೀಟಿನ ಕಡೆ ಬರ್ತಾ ಸಣ್ಣ. ಬಣ್ಣ, ಕಂಪನಿ ಹೆಸರು ಎಲ್ಲ ಅದರ ಮೇಲೇ. ಆದರೆ ಮೊದಮೊದಲ ವಿರಾಗೋ 535ಗಳಲ್ಲಿ ಅದರೊಳಗೆ ಒಂದು ತೊಟ್ಟು ಪೆಟ್ರೋಲೂ ಇರುವುದಿಲ್ಲ. ಅದು ಬರೀ ಹೊದಿಕೆ. ಅಡಿಯಲ್ಲಿ ಏರ್ ಫಿಲ್ಟರ್ ಮತ್ತು ಒಂದಿಷ್ಟು ವೈರಿಂಗ್. ಪೆಟ್ರೋಲ್ ಇರುವ ಟ್ಯಾಂಕ್ ಸವಾರನ ಸೀಟಿನ ಕೆಳಗಿದೆ, 8.6 ಲೀಟರಿನದ್ದು. ಅದು ಕಾರ್ಬೊರೇಟರ್‌ಗಿಂತ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ತಗ್ಗಿನಲ್ಲಿರುವುದರಿಂದ ಪೆಟ್ರೋಲ್ ತಾನಾಗಿ ಇಳಿಯುವ ಹಾಗಿಲ್ಲ. ಮೇಲೆತ್ತಲು ಎಲೆಕ್ಟ್ರಿಕ್ ಪಂಪ್ ಇಟ್ಟಿದ್ದಾರೆ.

ಭಾರ ತಳದಲ್ಲಿ ಇರಲಿ ಅನ್ನುವುದು ಇದರ ಲೆಕ್ಕಾಚಾರ. ಸೀಟಿನ ಎತ್ತರ 720 ಮಿಲಿಮೀಟರ್ ಅಷ್ಟೇ, ಗಿಡ್ಡ ಇರುವವರಿಗೂ ಎರಡೂ ಕಾಲು ನೆಲಕ್ಕೆ ಸಿಗುತ್ತವೆ. ಮೇಲ್ಗಡೆ ಪೆಟ್ರೋಲ್ ತೂಗದ ಕಾರಣ ನಿಧಾನಕ್ಕೆ ತಿರುಗಿಸುವಾಗ ಗಾಡಿ ವಾಲಿ ಎಳೆಯುವುದೂ ಕಮ್ಮಿ. ಈ ಐಡಿಯಾ ಯಮಹಾದವರದ್ದೇ ಅಂತಲೂ ಅಲ್ಲ. ಹೋಂಡಾದವರು 1975ರ ಗೋಲ್ಡ್ ವಿಂಗ್‌ನಲ್ಲಿ ಇದನ್ನೇ ಮಾಡಿದ್ದರು.

ಈಗ ಪ್ರಶ್ನೆ. ಮೇಲಿನದನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

ಬಾಯಿಗೆ ಮೊದಲು ಬರುವುದು ‘ಡಮ್ಮಿ ಟ್ಯಾಂಕ್’. ಗ್ಯಾರೇಜಿನಲ್ಲಿ ಹಾಗೆ ಹೇಳಿದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕನ್ನಡದ್ದೇ ಬೇಕೆಂದರೆ ‘ಹುಸಿ ಟ್ಯಾಂಕ್’ ಇದೆ. ‘ಪೊಳ್ಳು ಟ್ಯಾಂಕ್’ ಅಂದರೆ ಒಳಗೆ ಏನೂ ಇಲ್ಲ ಅನ್ನುವ ಅರ್ಥ ಬರುತ್ತದೆ, ಇಲ್ಲಿ ಏರ್ ಫಿಲ್ಟರ್ ಇದೆಯಲ್ಲ. ‘ಸೋಗಿನ ಟ್ಯಾಂಕ್’ ಕೇಳಲು ಚೆನ್ನಾಗಿದೆ, ಆದರೆ ಅಂಗಡಿಗೆ ಹೋಗಿ ಸೋಗಿನ ಟ್ಯಾಂಕ್ ಕೊಡಿ ಅಂತ ಯಾರೂ ಕೇಳಲ್ಲ.

ನನಗೆ ಹೆಚ್ಚು ಹಿಡಿಸಿದ್ದು ‘ಕಳ್ಳ’. ತೊಡಕಿರುವುದೂ ಇದರಲ್ಲೇ. ಕಳ್ಳನೋಟು, ಕಳ್ಳನಿದ್ದೆ, ಕಳ್ಳಸ್ವಾಮಿ ಇವುಗಳಲ್ಲೆಲ್ಲ ‘ಕಳ್ಳ’ ಅಂದರೆ ನಿಜವಲ್ಲದ್ದು. ಈ ಲೆಕ್ಕದಲ್ಲಿ ‘ಕಳ್ಳಟ್ಯಾಂಕ್’ ಮೇಲಿರುವ ಹೊದಿಕೆಯೇ ಆಗಬೇಕು. ಆದರೆ ಕಳ್ಳಜೇಬು? ಅದು ಸುಳ್ಳು ಜೇಬಲ್ಲ. ದುಡ್ಡು ಇರುವುದೇ ಅದರಲ್ಲಿ, ಹೊರಗೆ ಕಾಣಲ್ಲ ಅಷ್ಟೇ. ಕಳ್ಳದಾರಿಯೂ ಹೀಗೆ, ದಾರಿ ನಿಜವೇ. ಈ ಲೆಕ್ಕ ಹಿಡಿದರೆ ‘ಕಳ್ಳಟ್ಯಾಂಕ್’ ಅನ್ನಬೇಕಾದ್ದು ಸೀಟಿನ ಕೆಳಗಿನದಕ್ಕೆ! ಒಂದೇ ಬೈಕಿನಲ್ಲಿ ಎರಡು ಟ್ಯಾಂಕು, ಒಂದೇ ಪದ ಎರಡಕ್ಕೂ ಹೊಂದುತ್ತದೆ, ಅದೂ ತಿರುಗುಮುರುಗಾಗಿ. ಓದುವವರು ಯಾವುದೆಂದು ಹಿಡಿಯುತ್ತಾರೆ? ನನ್ನ ಕಿವಿಗೆ ಬಚ್ಚಿಟ್ಟದ್ದು ಅನ್ನುವ ಅರ್ಥವೇ ಮೊದಲು ತಟ್ಟುತ್ತದೆ, ಬಹುಶಃ ಟ್ಯಾಂಕೂ ಜೇಬಿನಂತೆ ಏನನ್ನಾದರೂ ತುಂಬಿಡುವ ವಸ್ತು ಅನ್ನುವ ಕಾರಣಕ್ಕೆ. ನಿಮ್ಮ ಕಿವಿಗೆ?

ಇನ್ನೊಂದು ಸಿಕ್ಕು ಇದೆ. 8.6 ಲೀಟರ್ ಸಾಲದು ಅನ್ನುವ ದೂರಿತ್ತು. ಊರೂರು ಸುತ್ತುವುದಕ್ಕೆಂದು ಕೊಂಡ ಬೈಕಿಗೆ ಅಷ್ಟಷ್ಟು ದೂರಕ್ಕೂ ಬಂಕ್ ಹುಡುಕಬೇಕೆಂದರೆ ಯಾರಿಗೆ ಬೇಕು, ಅಲ್ವಾ? 1989ರಲ್ಲಿ ಯಮಹಾದವರು ಆ ಹೊದಿಕೆಯ ಜಾಗದಲ್ಲಿ ಇನ್ನೊಂದು ಟ್ಯಾಂಕನ್ನೇ ಕೂರಿಸಿದರು. ಎರಡೂ ಸೇರಿ 13.5 ಲೀಟರ್. ಮೇಲಿನದರಿಂದ ಪೆಟ್ರೋಲ್ ಕೆಳಗಿನದಕ್ಕೆ ಇಳಿಯುತ್ತದೆ, ಅಲ್ಲಿಂದ ಪಂಪ್ ಮೇಲೆತ್ತಿ ಕಾರ್ಬೊರೇಟರ್‌ಗೆ ಕೊಡುತ್ತದೆ. ಹಾಗಾಗಿ 1987ರ ಗಾಡಿಯಲ್ಲಿ ‘ಹುಸಿ’ ಅಂದದ್ದು ಎರಡೇ ವರ್ಷದಲ್ಲಿ ನಿಜವಾಯಿತು. ಹೊರಗಿನಿಂದ ನೋಡಿದರೆ ಎರಡೂ ಗಾಡಿ ಹೆಚ್ಚುಕಮ್ಮಿ ಒಂದೇ. ‘ಮೇಲ್ಟ್ಯಾಂಕ್, ಕೆಳಟ್ಯಾಂಕ್’ ಅಂತ ಬರೆದರೆ ಎರಡಕ್ಕೂ ಸರಿಹೋಗುತ್ತದೆ, ಆದರೆ ಸಪ್ಪೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳದೆ ಸುಮ್ನೆ ‘ಟ್ಯಾಂಕ್’ ಅಂತಲೇ ಬಿಡಬಹುದು ಅನ್ನುವ ವಾದವೂ ಇದೆ. ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಯಾಕೆಂದರೆ ನಮ್ಮಲ್ಲಿ ಬೈಕಿನ ‘ಟ್ಯಾಂಕ್’ ಅನ್ನುವುದು ಪಾತ್ರೆಯ ಹೆಸರಷ್ಟೇ ಅಲ್ಲ, ಜಾಗದ ಹೆಸರು ಕೂಡ. “ಮಗೂನ ಟ್ಯಾಂಕ್ ಮೇಲೆ ಕೂರಿಸ್ಕೋ” ಅನ್ನುವಾಗ ಪೆಟ್ರೋಲ್ ನೆನಪಿಗೆ ಬರುವುದೇ ಇಲ್ಲ. ಅದೇ ಸ್ಕೂಟರ್ ನೋಡಿ. ಸೀಟಿನ ಕೆಳಗೆ ಟ್ಯಾಂಕ್ ಇರುವ ಸ್ಕೂಟರ್‌ಗಳು ಬೇಕಾದಷ್ಟಿವೆ, ಆದರೆ ಅವುಗಳ ವಿಷಯದಲ್ಲಿ ಟ್ಯಾಂಕ್ ಅಂದರೆ ಪಾತ್ರೆ ಮಾತ್ರ. ಜಾಗ ಅನ್ನುವ ಅರ್ಥ ಹುಟ್ಟಿದ್ದು ಬೈಕಿನಿಂದಲೇ ಇರಬೇಕು. ಬೆಂಗಳೂರಿನಲ್ಲಿ ತಯಾರಾಗುವ ಅಲ್ಟ್ರಾವಯಲೆಟ್ ಎಫ್77ಗೆ ಪೆಟ್ರೋಲ್ ಬೇಕೇ ಇಲ್ಲ, ಕರೆಂಟಿನ ಬೈಕು. ಅದಕ್ಕೂ ಟ್ಯಾಂಕಿನ ಆಕಾರ ಕೊಟ್ಟಿದ್ದಾರೆ, ಚಾರ್ಜರ್ ಚುಚ್ಚುವುದೂ ಅಲ್ಲಿಯೇ. ಅದನ್ನು ‘ಹುಸಿ ಟ್ಯಾಂಕ್’ ಅಂದರೆ ಯಾಕೋ ಸರಿ ಕಾಣುವುದಿಲ್ಲ. ಮೋಸ ಮಾಡುವುದಕ್ಕೆ ಅಲ್ಲಿ ಪೆಟ್ರೋಲೇ ಇಲ್ಲವಲ್ಲ.

ಉಳಿದ ಪದಗಳಲ್ಲಿ ನಾನು ಮಾಡಿಕೊಂಡಿದ್ದನ್ನೂ ಹೇಳಿಬಿಡುತ್ತೇನೆ, ತಪ್ಪಿದ್ದರೆ ತಿದ್ದಿ. ಎರಡು ಸಿಲಿಂಡರುಗಳು 70 ಡಿಗ್ರಿಯಲ್ಲಿ ಕವಲೊಡೆದಿವೆ. ಅಮೆರಿಕದ ಹಾರ್ಲೆ ಡೇವಿಡ್ಸನ್ ಬೈಕುಗಳಲ್ಲಿ ಇದು 45. ‘ವಿ ಟ್ವಿನ್’ ಅಂತಲೇ ಇಟ್ಟು, ಮೊದಲ ಸಲ ಬಂದಾಗ ‘ಕವೆಯ ಹಾಗೆ’ ಎಂದು ಸೇರಿಸಿದ್ದೇನೆ. ಹಳ್ಳಿಯಲ್ಲಿ ಕವೆಗೋಲು ಹಿಡಿದವರಿಗೆ ಆಕಾರ ತಕ್ಷಣ ಗೊತ್ತಾಗುತ್ತದೆ. ಸಿಲಿಂಡರಿನ ಬೋರ್, ಅಂದರೆ ಒಳಗಿನ ಅಗಲ, 76 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 59. ‘ಬಾಯಿ ಅಗಲ, ಓಟ ಗಿಡ್ಡ’ ಎಂದು ಬರೆದೆ. ‘ಬೋರ್’ ಅನ್ನು ಹಾಗೇ ಬಿಡಲು ಧೈರ್ಯ ಬರಲಿಲ್ಲ, ನಮ್ಮ ಹೊಲದಲ್ಲೂ ಬೋರ್, ಕ್ಲಾಸಿನಲ್ಲೂ ಬೋರ್. ಹಿಂದಿನ ಚಕ್ರ ತಿರುಗಿಸಲು ಚೈನ್ ಬದಲು ಶಾಫ್ಟ್ (ತಿರುಗುವ ಕಬ್ಬಿಣದ ದಂಡ) ಇದೆ, ಅದನ್ನು ‘ಶಾಫ್ಟ್’ ಅಂತಲೇ ಬರೆದಿದ್ದೇನೆ. ಲಾರಿ ಬಲ್ಲವರಿಗೆ ಹೊಸದೇನಲ್ಲ.

‘ಮಧ್ಯಮ ಗಾತ್ರ’ ಅನ್ನುವುದನ್ನು ಮಾತ್ರ ಎರಡು ಮನಸ್ಸಿನಿಂದ ಬಳಸಿದ್ದೇನೆ. ಬುಲೆಟ್ 350 ಅನ್ನೇ ದೊಡ್ಡ ಗಾಡಿ ಅನ್ನುವ ನಮಗೆ 535 ಸಿಸಿ ಯಾವ ಸೀಮೆ ಮಧ್ಯಮ? ಅಮೆರಿಕದಲ್ಲಿ ಲೆಕ್ಕವೇ ಬೇರೆ. 1983ರಲ್ಲಿ ಅಲ್ಲಿನ ಸರ್ಕಾರ ಹಾರ್ಲೆಯನ್ನು ಉಳಿಸಲು 700 ಸಿಸಿ ಮೇಲಿನ ಆಮದು ಬೈಕುಗಳ ಸುಂಕವನ್ನು ಶೇಕಡಾ 4.4ರಿಂದ 49.4ಕ್ಕೆ ಏರಿಸಿತ್ತು. ಆಗ ಯಮಹಾ ತನ್ನ ವಿರಾಗೋ 750 ಅನ್ನು ಅಮೆರಿಕಕ್ಕೆಂದೇ 699 ಸಿಸಿಗೆ ಇಳಿಸಿ ಮಾರಿತು. ದೊಡ್ಡದು ಯಾವುದು, ಅಲ್ಲದ್ದು ಯಾವುದು ಅನ್ನುವ ಗೆರೆಯನ್ನು ಕಾನೂನೇ ಎಳೆದ ಹಾಗಾಯಿತು. ಹಾಗಾಗಿ ‘ಅಲ್ಲಿಯ ಲೆಕ್ಕದಲ್ಲಿ ಮಧ್ಯಮ’ ಎಂದು ಬರೆದು ಮುಂದೆ ಹೋದೆ.

ಹೆಸರಿನ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ. ಲ್ಯಾಟಿನ್ನಿನಲ್ಲಿ ವಿರಾಗೋ ಅಂದರೆ ಗಂಡಿನಂಥ ಗಟ್ಟಿಗಿತ್ತಿ, ಇಂಗ್ಲಿಷಿನಲ್ಲಿ ಜಗಳಗಂಟಿ. ನಮ್ಮ ‘ಗಂಡುಬೀರಿ’ಯಲ್ಲಿ ಎರಡೂ ಇದೆ, ಹೇಳುವವರ ದನಿ ನೋಡಿಕೊಳ್ಳಬೇಕು ಅಷ್ಟೇ. ಬೈಕಿನ ಹೆಸರನ್ನಂತೂ ಅನುವಾದ ಮಾಡುವುದಿಲ್ಲ, ಹೆದರಬೇಡಿ.

ನನಗೆ ಮುಖ್ಯವಾಗಿ ಬೇಕಿರುವುದು ‘ಕಳ್ಳ’ದ ಬಗ್ಗೆ ನಿಮ್ಮ ಅಭಿಪ್ರಾಯ. ಬಚ್ಚಿಟ್ಟದ್ದು ಅನ್ನುವ ಅರ್ಥದಲ್ಲಿ, ಕಳ್ಳಜೇಬು, ಕಳ್ಳದಾರಿ ಬಿಟ್ಟು, ನಿಮ್ಮ ಕಡೆ ಬೇರೆ ಯಾವ ಪದಗಳಿವೆ? ಹುಬ್ಬಳ್ಳಿ, ಕಲಬುರಗಿ ಕಡೆಯವರು, ಕರಾವಳಿಯವರು ದಯವಿಟ್ಟು ಬರೆಯಿರಿ. ಗ್ಯಾರೇಜ್ ನಡೆಸುವವರು ಯಾರಾದರೂ ಇದ್ದರೆ, ಡಮ್ಮಿ ಅನ್ನುವುದಕ್ಕೆ ನಿಮ್ಮ ಹುಡುಗರು ಬೇರೆ ಏನಾದರೂ ಹೇಳುತ್ತಾರಾ ಅಂತ ಒಮ್ಮೆ ಕೇಳಿ ತಿಳಿಸಿ.